ಟೆಸ್ಟ್ ಲೈಟು ಹಸಿರು, ಬ್ಯಾಟರಿಯ ಡೇಟು ಮುಗಿದಿತ್ತು

ಫಳ್ನೀರಿನ ಅಕ್ಕನ ಫ್ಲ್ಯಾಟಿನಲ್ಲಿ, ಟಿವಿ ಕೆಳಗಿನ ಡ್ರಾಯರಿನೊಳಗೆ ಕರೆಂಟ್ ಬಿಲ್ಲು, ಹಳೆ ಚಾರ್ಜರುಗಳ ನಡುವೆ ಒಂದು ಹಳದಿ ಡಬ್ಬಿ ಬಿದ್ದುಕೊಂಡಿತ್ತು. ಅಂಗೈಯಷ್ಟು ದೊಡ್ಡದು, ಮಡಚಿಟ್ಟ ಆಂಟೆನಾ. ಬಾವನದ್ದು. ಅವರು ಹಡಗಿನಲ್ಲಿ ಎಂಜಿನಿಯರ್. ರಜೆಗೆ ಬಂದಾಗ ಗೆಳೆಯರ ಜೊತೆ ಸಣ್ಣ ದೋಣಿಯಲ್ಲಿ ಗಾಳ ಹಾಕಲು ಹೋಗುವ ಹುಚ್ಚು. ಅದಕ್ಕೆಂದೇ ತಂದಿಟ್ಟುಕೊಂಡ ಪಿಎಲ್‌ಬಿ, ಅಂದರೆ ಒಬ್ಬೊಬ್ಬರೂ ಮೈಮೇಲೆ ಇಟ್ಟುಕೊಳ್ಳುವ ತುರ್ತು ಬೀಕನ್.

“ಅದರಲ್ಲಿ ಚಾರ್ಜ್ ಉಂಟಾ?” ಅಕ್ಕ ಕೇಳಿದಳು. ಬಾವ ಟೆಸ್ಟ್ ಬಟನ್ ಒತ್ತಿದರು, ಹಸಿರು ಲೈಟು ಮಿನುಗಿತು. “ನೋಡು, ಸರಿ ಉಂಟಲ್ಲ.” ನಾನು ತಿರುಗಿಸಿ ನೋಡಿದೆ. ಹಿಂದಿನ ಸ್ಟಿಕ್ಕರಿನಲ್ಲಿದ್ದ ಬ್ಯಾಟರಿಯ ದಿನಾಂಕ ಮುಗಿದು 14 ತಿಂಗಳಾಗಿತ್ತು.

“ಅದೆಲ್ಲ ಬಿಸ್ಕೆಟ್ ಪ್ಯಾಕೆಟಿನ ಡೇಟಿನ ಹಾಗೆ ಮಾರಾಯ” ಅಂದರು ಬಾವ. ಹಡಗಿನಲ್ಲಿರುವ ಬೀಕನ್‌ಗಳ ದಿನಾಂಕವನ್ನು ತಪ್ಪದೆ ನೋಡುವವರು ಇವರೇ!

ಈ ಡಬ್ಬಿ ಮಾಡುವ ಕೆಲಸ ಒಂದೇ. ಆನ್ ಮಾಡಿದರೆ 406 ಮೆಗಾಹರ್ಟ್ಸ್‌ನಲ್ಲಿ ಸುಮಾರು 50 ಸೆಕೆಂಡಿಗೊಮ್ಮೆ ಅರ್ಧ ಸೆಕೆಂಡಿನಷ್ಟು ಕೂಗುತ್ತದೆ. ಕೋಸ್ಪಾಸ್-ಸಾರ್‌ಸ್ಯಾಟ್ ವ್ಯವಸ್ಥೆಯ ಉಪಗ್ರಹಗಳು ಅದನ್ನು ಕೇಳಿಸಿಕೊಳ್ಳುತ್ತವೆ. ನಮ್ಮ ಕಡೆಯ ಸಮುದ್ರದಿಂದ ಹೊರಟ ಕೂಗು ಬೆಂಗಳೂರಿನಲ್ಲಿರುವ ಇಸ್ರೋದ ನಿಯಂತ್ರಣ ಕೇಂದ್ರಕ್ಕೆ, ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ ಮುಟ್ಟುತ್ತದೆ. ಪಿಎಲ್‌ಬಿ ಕನಿಷ್ಠ 24 ಗಂಟೆ, ಹಡಗಿನ ದೊಡ್ಡ ಬೀಕನ್ ಆದರೆ ಕನಿಷ್ಠ 48 ಗಂಟೆ ಹೀಗೆ ಕೂಗುತ್ತಿರಬೇಕು ಎಂಬುದು ನಿಯಮ.

ಅಷ್ಟು ಹೊತ್ತು ಯಾಕೆ ಬೇಕು? 2018ರ ಸೆಪ್ಟೆಂಬರ್ 21ರಂದು ನೌಕಾಪಡೆಯ ಅಭಿಲಾಷ್ ಟೋಮಿ ಒಬ್ಬರೇ ಭೂಮಿ ಸುತ್ತುವ ರೇಸಿನಲ್ಲಿದ್ದಾಗ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿಗೆ ಸಿಕ್ಕಿ, ದೋಣಿಯ ಕೂವೆಮರ ಮುರಿದು, ಬೆನ್ನಿಗೆ ಪೆಟ್ಟಾಗಿ ಮಲಗಿದರು. ಫ್ರೆಂಚ್ ಹಡಗು ಬಂದು ಅವರನ್ನು ಎತ್ತಿಕೊಂಡದ್ದು 24ರಂದು. ಎಲ್ಲಿದ್ದಾರೆ ಎಂದು ಜಗತ್ತಿಗೇ ಗೊತ್ತಿದ್ದೂ ಮೂರು ದಿನ.

ಬ್ಯಾಟರಿಗೆ ಬರೋಣ. ಇದು ಮೊಬೈಲಿನದ್ದಲ್ಲ, ಚಾರ್ಜ್ ಆಗುವುದಿಲ್ಲ. ಒಮ್ಮೆ ಬಳಸುವ ಲಿಥಿಯಂ ಸೆಲ್ಲು. ಡ್ರಾಯರಿನಲ್ಲಿ ಸುಮ್ಮನೆ ಬಿದ್ದಿದ್ದರೂ ನಿಧಾನಕ್ಕೆ ಸೋರುತ್ತಿರುತ್ತದೆ. ಅದರ ವೋಲ್ಟೇಜ್ ಮಾತ್ರ ಕೊನೆಗಾಲದವರೆಗೂ ಹೆಚ್ಚು ಇಳಿಯುವುದಿಲ್ಲ. ಹಾಗಾಗಿ ಟೆಸ್ಟ್‌ನ ಒಂದೆರಡು ಸೆಕೆಂಡಿನ ಕೆಲಸವನ್ನು ಸೊರಗಿದ ಬ್ಯಾಟರಿಯೂ ಮಾಡಿಬಿಡುತ್ತದೆ. ಹಸಿರು ಲೈಟು ಹೇಳುವುದು ಈ ಕ್ಷಣಕ್ಕೆ ಜೀವ ಉಂಟು ಅಂತ ಮಾತ್ರ. ಇನ್ನೂ 24 ಗಂಟೆ ಬರುತ್ತದೆ ಎಂಬ ಭರವಸೆ ಇರುವುದು ಸ್ಟಿಕ್ಕರಿನ ದಿನಾಂಕದಲ್ಲಿ. ಸಾಮಾನ್ಯವಾಗಿ ಅದು ತಯಾರಾಗಿ ಐದಾರು ವರ್ಷಕ್ಕೆ ಇರುತ್ತದೆ.

ಹಾಗಂತ ದಿನಾ ಟೆಸ್ಟ್ ಮಾಡಿ ಖುಷಿಪಡಬೇಡಿ, ಪ್ರತಿ ಸಲವೂ ಬ್ಯಾಟರಿ ಸ್ವಲ್ಪ ಕರಗುತ್ತದೆ. ತಿಂಗಳಿಗೊಮ್ಮೆ ಧಾರಾಳ ಸಾಕು. ಕೆಲವು ಮಾದರಿಗಳಲ್ಲಿ ಜಿಪಿಎಸ್ ಟೆಸ್ಟ್ ಇಷ್ಟೇ ಸಲ ಎಂಬ ಲೆಕ್ಕವೇ ಉಂಟು. ಮಕ್ಕಳ ಕೈಗೆ ಸಿಕ್ಕಿ ನಿಜವಾಗಿಯೇ ಆನ್ ಆದರೆ ಕೂಡಲೇ ಆಫ್ ಮಾಡಿ, ಕೋಸ್ಟ್ ಗಾರ್ಡ್‌ನ 1554ಕ್ಕೆ ಫೋನ್ ಮಾಡಿ ತಪ್ಪಾಯಿತು ಅಂತ ಹೇಳಿ. ಆಮೇಲೆ ದಿನಾಂಕ ಬಾಕಿ ಇದ್ದರೂ ಬ್ಯಾಟರಿ ಬದಲಿಸಬೇಕು.

ಬದಲಿಸುವುದು ಎಲ್ಲಿ? ಮೊಬೈಲ್ ರಿಪೇರಿಯವರೊಬ್ಬರು “ತನ್ನಿ, ಬಿಚ್ಚಿ ಹೊಸ ಸೆಲ್ಲು ಹಾಕುವ” ಅಂದರು. ಬಾವ ಅರ್ಧ ಒಪ್ಪಿದ್ದರು ಕೂಡ. ಆದರೆ ಬಿಚ್ಚಿದರೆ ನೀರು ತಡೆಯುವ ರಬ್ಬರ್ ಸೀಲು ಹೋಯಿತು. ಕಂಪೆನಿಯ ಅಧಿಕೃತ ಸರ್ವಿಸಿನವರು ಸೀಲನ್ನೂ ಬದಲಿಸಿ, ನೀರು ನುಗ್ಗುವುದಿಲ್ಲವೇ ಎಂದು ನೋಡಿಯೇ ಕೊಡುವುದು. ಲಿಥಿಯಂ ಆದ್ದರಿಂದ ಕೊರಿಯರ್‌ನವರಿಗೆ ಮೊದಲೇ ತಿಳಿಸಬೇಕು. ಲೆಕ್ಕ ಹಾಕಿ, ಕಡೆಗೆ ಬಾವ ಹೊಸತನ್ನೇ ತಂದರು. ಹಳೆಯದನ್ನು ಕಸದ ಗಾಡಿಗೆ ಹಾಕಲಿಲ್ಲ. ಎಸೆದ ಬೀಕನ್ ಕಸದ ರಾಶಿಯಲ್ಲಿ ಆನ್ ಆಗಿ, ರಕ್ಷಣಾ ತಂಡ ಅಲ್ಲಿಗೆ ಹುಡುಕಿಕೊಂಡು ಹೋದದ್ದೂ ಉಂಟು. ಆಂಟೆನಾ, ಬ್ಯಾಟರಿ ಬೇರೆ ಮಾಡಿಸಿ ಇ-ತ್ಯಾಜ್ಯಕ್ಕೆ ಕೊಟ್ಟೆವು.

ಫಳ್ನೀರಿನಿಂದ ಸ್ವಲ್ಪ ಕೆಳಗಿಳಿದರೆ ಬಂದರಿನ ಧಕ್ಕೆ. ಅಲ್ಲಿಯ ಬೋಟುಗಳಿಗೆ ಇದೇ ಜಾತಿಯ ಇನ್ನೊಂದು ಡಬ್ಬಿ ಉಂಟು, ಇಸ್ರೋದ ಡಿಎಟಿ. 2010ರಿಂದ ದೇಶದಲ್ಲಿ 20,000ಕ್ಕೂ ಹೆಚ್ಚು ಬಂದಿವೆ. 2024ರ ಜನವರಿಯಲ್ಲಿ ಪ್ರಕಟವಾದ ಎರಡನೇ ತಲೆಮಾರಿನದ್ದು ‘ನಿಮ್ಮ ಕರೆ ಸಿಕ್ಕಿತು’ ಎಂದು ಬೋಟಿಗೆ ಉತ್ತರವನ್ನೂ ಕೊಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಎಂಜಿನ್ ಬಿಚ್ಚಿ ಜೋಡಿಸುತ್ತಾರೆ, ಬಲೆ ಹೊಲಿಯುತ್ತಾರೆ, ಪೈಂಟ್ ಬಳಿಯುತ್ತಾರೆ. ಡಬ್ಬಿ ತಿರುಗಿಸಿ ದಿನಾಂಕ ನೋಡುವುದಕ್ಕೂ ಅದೇ ಸಮಯ.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ 7 ಜನರೊಂದಿಗೆ ಹೊರಟ ಸುವರ್ಣ ತ್ರಿಭುಜ ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲ್ವಣ ಕರಾವಳಿಯಾಚೆ ಪತ್ತೆಯಾಗುವಾಗ ಮೇ ತಿಂಗಳು ಬಂದಿತ್ತು. ‘ಎಲ್ಲಿ’ ಎಂಬ ಒಂದೇ ಪ್ರಶ್ನೆ ಹಿಡಿದುಕೊಂಡು ಆ ಮನೆಯವರು ನಾಲ್ಕು ತಿಂಗಳಿಗೂ ಮಿಕ್ಕಿ ಕಾದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಅಕ್ಕ ಚಾರ್ಜ್ ಕೇಳಿದ್ದೂ ಸುಮ್ಮನೆ ಅಲ್ಲ.

ಹೊಸ ಬೀಕನ್ನಿನ ನೋಂದಣಿಗೆ ಕೂತಾಗ ಹಳೆಯದರ ಕಾಗದವೂ ಸಿಕ್ಕಿತು. ಕೂಗು ಬಂದರೆ ಮೊದಲು ಕರೆ ಮಾಡುವುದು ಅಲ್ಲಿ ಬರೆದ ನಂಬರಿಗೆ. ಬಾವ ಕೊಟ್ಟದ್ದು ಹಳೆ ಮನೆಯ ಲ್ಯಾಂಡ್‌ಲೈನ್, ಕಟ್ ಆಗಿ ಎಷ್ಟೋ ವರ್ಷ! ಈಗ ಅಲ್ಲಿ ಅಕ್ಕನದ್ದೂ ನನ್ನದೂ ನಂಬರ್ ಇದೆ. ಗುರುತಿಲ್ಲದ ನಂಬರಿನ ಕರೆ ಬಂದರೆ ಕಟ್ ಮಾಡುತ್ತಿದ್ದವನು, ಬಾವ ಗಾಳ ಹಾಕಲು ಹೋದ ದಿನ ಎಲ್ಲವನ್ನೂ ಎತ್ತುತ್ತೇನೆ. ಹೆಚ್ಚಿನವು ಪರ್ಸನಲ್ ಲೋನಿನವು.