ಒಂದು ರೂಪಾಯಿ ಟ್ರಯಲ್, ತಿಂಗಳು ತಿಂಗಳು ಕಡಿತ: ನಿಮ್ಮ ಆಟೋಪೇ ಪಟ್ಟಿ ನೋಡಿದ್ದೀರಾ?

ರೀಲ್ಸ್ ನೋಡ್ತಾ ಇರುವಾಗ ಮಧ್ಯೆ ಜಾಹೀರಾತು ಬರುತ್ತದೆ: ಒಂದೇ ರೂಪಾಯಿಗೆ ಏಳು ದಿನ ಎಲ್ಲಾ ಸೀರೀಸ್ ನೋಡಿ. ಒಂದು ರೂಪಾಯಿ ತಾನೇ, ಏನ್ ಹೋಗತ್ತೆ ಅಂತ ಯುಪಿಐ ಪಿನ್ ಒತ್ತುತ್ತೇವೆ. ಆದರೆ ಆ ಪಿನ್ ಬರೀ ಒಂದು ರೂಪಾಯಿಗೆ ಕೊಟ್ಟ ಒಪ್ಪಿಗೆಯಲ್ಲ. ಎಂಟನೇ ದಿನದಿಂದ ಪ್ರತಿ ತಿಂಗಳು 199, 299 ಅಥವಾ 499 ರೂಪಾಯಿ ನೀವೇ ತಗೊಳ್ಳಿ ಎಂದು ಕಂಪನಿಗೆ ಕೊಟ್ಟ ಮುಂಗಡ ಅನುಮತಿ. ಇದರ ಹೆಸರು ಆಟೋಪೇ ಮ್ಯಾಂಡೇಟ್.

ಚಿಲ್ಲರೆ ದುಡ್ಡು ಅನಿಸಬಹುದು. ಒಂದು ಲೆಕ್ಕ ಹಾಕೋಣ. ಒಟಿಟಿಗೆ 149, ಹಾಡಿನ ಆ್ಯಪ್‌ಗೆ 119, ಫೋಟೋ ಇಡುವ ಕ್ಲೌಡ್‌ಗೆ 130, ಯಾವಾಗಲೋ ಪರೀಕ್ಷೆಗೆಂದು ಹಾಕಿಸಿಕೊಂಡ ಕೋಚಿಂಗ್ ಆ್ಯಪ್‌ಗೆ 299 ಎಂದಿಟ್ಟುಕೊಳ್ಳಿ. ತಿಂಗಳಿಗೆ 697, ವರ್ಷಕ್ಕೆ 8,364 ರೂಪಾಯಿ. ತಿಂಗಳಿಗೆ 18 ಸಾವಿರ ದುಡಿಯುವ ಹುಡುಗ ಹುಡುಗಿಯರಿಗೆ ಇದು ಹೆಚ್ಚುಕಡಿಮೆ ಅರ್ಧ ತಿಂಗಳ ಸಂಬಳ.

ಮರೆವೇ ಬಂಡವಾಳ

'ನಾನೇ ಸೋಮಾರಿ, ಕ್ಯಾನ್ಸಲ್ ಮಾಡಿಲ್ಲ' ಎಂದು ನಮ್ಮನ್ನು ನಾವೇ ಬೈದುಕೊಳ್ಳುತ್ತೇವೆ. ಆದರೆ ಈ ವ್ಯಾಪಾರದ ಲಾಭದ ಒಂದು ಭಾಗ ನಿಂತಿರುವುದೇ ನಮ್ಮ ಮರೆವಿನ ಮೇಲೆ. ಲಿರಾನ್ ಐನಾವ್, ಬೆಂಜಮಿನ್ ಕ್ಲೋಪ್ಯಾಕ್ ಮತ್ತು ನೀಲ್ ಮಹೋನಿ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಕಾರ್ಡ್ ವಹಿವಾಟುಗಳನ್ನು ಪರಿಶೀಲಿಸಿದಾಗ ಕಂಡದ್ದು ಇದು: ಹಳೇ ಕಾರ್ಡ್ ಬದಲಾಗಿ ಹೊಸ ನಂಬರ್ ಕೊಡಬೇಕಾಗಿ ಬಂದ ತಿಂಗಳಲ್ಲಿ ಚಂದಾ ನಿಲ್ಲಿಸುವವರ ಸಂಖ್ಯೆ ದಿಢೀರ್ ಏರುತ್ತದೆ. ಅಂದರೆ 'ಇದು ನಿಮಗೆ ಬೇಕಾ?' ಎಂದು ಒಮ್ಮೆ ಕೇಳಿದರೆ ಸಾಕು, ಬೇಡ ಎನ್ನುವವರು ಬಹಳ ಜನ ಇದ್ದಾರೆ. ಆಟೋಪೇ ಇರುವುದೇ ಆ ಪ್ರಶ್ನೆ ಬಾರದ ಹಾಗೆ ನೋಡಿಕೊಳ್ಳಲು.

ಮರೆವು ಸಾಲದಿದ್ದರೆ ಸುತ್ತಾಟ. ಪ್ರೈಮ್ ಸದಸ್ಯತ್ವ ರದ್ದು ಮಾಡುವುದನ್ನು ಬೇಕೆಂದೇ ಕಷ್ಟ ಮಾಡಲಾಗಿದೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಅಮೆಜಾನ್ ಮೇಲೆ ಕೇಸು ಹಾಕಿತು. ಆ ರದ್ದತಿ ಪ್ರಕ್ರಿಯೆಗೆ ಕಂಪನಿಯೊಳಗಿದ್ದ ಹೆಸರು 'ಇಲಿಯಡ್', ಅಂದರೆ ಮುಗಿಯದ ಯುದ್ಧದ ಮಹಾಕಾವ್ಯ ಎಂದು ಆಯೋಗ ದೂರಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ತಪ್ಪು ಒಪ್ಪಿಕೊಳ್ಳದೆಯೇ 250 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು.

ನಮ್ಮ ಕಾನೂನು ಏನು ಹೇಳತ್ತೆ?

ನಿಯಮಗಳ ವಿಷಯದಲ್ಲಿ ಭಾರತ ಹಿಂದೆ ಬಿದ್ದಿಲ್ಲ. ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ 2021ರ ಅಕ್ಟೋಬರ್ 1ರಿಂದ ಪೂರ್ತಿ ಜಾರಿಯಲ್ಲಿದೆ. ಅದರ ಪ್ರಕಾರ ಚಂದಾ ಹಣ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಬರಬೇಕು. ಆ ಕಡಿತವನ್ನು ಅಥವಾ ಇಡೀ ಮ್ಯಾಂಡೇಟನ್ನೇ ಬೇಡ ಎನ್ನುವ ಹಕ್ಕಿದೆ. ಇದಕ್ಕೆ ಶುಲ್ಕ ಕೇಳುವಂತಿಲ್ಲ. ಆದರೆ 2022ರ ಜೂನ್‌ನಿಂದ 15 ಸಾವಿರ ರೂಪಾಯಿವರೆಗಿನ ಕಡಿತಕ್ಕೆ ಪ್ರತಿ ಸಲ ಒಟಿಪಿ ಬೇಕಿಲ್ಲ. ನಿಮ್ಮ ಬಹುತೇಕ ಚಂದಾಗಳು ಈ ಮಿತಿಯೊಳಗೇ ಇರುತ್ತವೆ.

ಎರಡನೆಯದು, ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ. ಆನ್‌ಲೈನ್‌ನ 13 ಬಗೆಯ ಮೋಸದ ವಿನ್ಯಾಸಗಳನ್ನು ಅದು ಪಟ್ಟಿ ಮಾಡಿದೆ. ಅದರಲ್ಲೊಂದು 'ಚಂದಾ ಬಲೆ': ರದ್ದು ಮಾಡುವ ಬಟನ್ ಅಡಗಿಸುವುದು, ದಾರಿಯನ್ನು ಗೋಜಲು ಮಾಡುವುದು, ಉಚಿತ ಚಂದಾಕ್ಕೂ ಹಣ ಕಡಿತದ ಅನುಮತಿ ಕಡ್ಡಾಯ ಮಾಡುವುದು.

ಈಗ ಆ ಒಂದು ರೂಪಾಯಿ ಟ್ರಯಲ್ ನೆನಪಿಸಿಕೊಳ್ಳಿ. ಒಂದು ರೂಪಾಯಿ ತಗೊಂಡರೆ ಅದು 'ಉಚಿತ' ಅಲ್ಲ ಎಂದು ವಾದಿಸಬಹುದಲ್ವಾ? ನಿಯಮದ ಅಕ್ಷರ ಉಳಿಯಿತು, ಆಶಯ ಸತ್ತಿತು. 24 ಗಂಟೆಯ ಸೂಚನೆಯ ಕಥೆಯೂ ಅಷ್ಟೇ. ಲೋನ್ ಆಫರ್, ರೀಚಾರ್ಜ್ ಆಫರ್‌ಗಳ ನಡುವೆ ಇಂಗ್ಲಿಷಿನಲ್ಲಿ ಬಂದು ಬೀಳುವ ಆ ಮೆಸೇಜನ್ನು ಹಳ್ಳಿಯಲ್ಲಿರುವ ಅಪ್ಪ ಅಮ್ಮ ಓದುತ್ತಾರಾ? ಸೂಚನೆ ಕಳಿಸಿದ್ದೇವೆ ಎಂದು ಕಂಪನಿ, ಬ್ಯಾಂಕು ಕೈ ತೊಳೆದುಕೊಳ್ಳುತ್ತವೆ. ದುಡ್ಡು ಹೋಗಿರುತ್ತದೆ.

ಇವತ್ತೇ ಮಾಡಬಹುದಾದದ್ದು

* ಯುಪಿಐ: ನೀವು ಬಳಸುವ ಪ್ರತಿ ಆ್ಯಪ್‌ನ ಪ್ರೊಫೈಲ್‌ನಲ್ಲಿ 'ಆಟೋಪೇ' ವಿಭಾಗ ತೆರೆಯಿರಿ. ಬೇಡದ್ದನ್ನು ರದ್ದು ಮಾಡಿ. ಗರಿಷ್ಠ ಮೊತ್ತವನ್ನೂ ನೋಡಿ. ಚಂದಾ 199 ಇದ್ದರೂ ಅನುಮತಿ ಅದಕ್ಕಿಂತ ಹೆಚ್ಚಿಗೆ ಇರಬಹುದು.
* ಫೋನ್: ಆಂಡ್ರಾಯ್ಡ್‌ನಲ್ಲಿ ಪ್ಲೇ ಸ್ಟೋರ್‌ನ ಪ್ರೊಫೈಲ್, ಐಫೋನ್‌ನಲ್ಲಿ ಸೆಟ್ಟಿಂಗ್ಸ್‌ನ ನಿಮ್ಮ ಹೆಸರು ಒತ್ತಿದರೆ ಸಬ್‌ಸ್ಕ್ರಿಪ್ಷನ್ ಪಟ್ಟಿ ಸಿಗುತ್ತದೆ. ಆ್ಯಪ್ ಡಿಲೀಟ್ ಮಾಡಿದರೆ ಚಂದಾ ನಿಲ್ಲುವುದಿಲ್ಲ.
* ಕಾರ್ಡ್: ಬ್ಯಾಂಕಿನ ಆ್ಯಪ್ ಅಥವಾ ವೆಬ್‌ಸೈಟಿನಲ್ಲಿ ಇ-ಮ್ಯಾಂಡೇಟ್ ಪಟ್ಟಿ ನೋಡಿ. ವರ್ಷಕ್ಕೊಮ್ಮೆ ಕಡಿತವಾಗುವವು ಸಿಗಬೇಕೆಂದರೆ 12 ತಿಂಗಳ ಸ್ಟೇಟ್‌ಮೆಂಟ್ ತಿರುವಿ ಹಾಕಲೇಬೇಕು.
* ಡಬಲ್ ಪಾವತಿ: ಮೊಬೈಲ್ ರೀಚಾರ್ಜ್ ಅಥವಾ ಬ್ರಾಡ್‌ಬ್ಯಾಂಡ್ ಜೊತೆಗೇ ಒಟಿಟಿ ಬಂದಿದ್ದರೆ ಅದಕ್ಕೇ ಬೇರೆಯಾಗಿ ಕಟ್ಟುತ್ತಿದ್ದೀರಾ ನೋಡಿ.
* ದೂರು: ರದ್ದು ಮಾಡಿದ ಪರದೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆಮೇಲೂ ಹಣ ಹೋದರೆ ಕಂಪನಿಗೆ, ಬ್ಯಾಂಕಿಗೆ ಲಿಖಿತ ದೂರು ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಬ್ಯಾಂಕ್ 30 ದಿನದೊಳಗೆ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ.

ಯಾವುದನ್ನು ಉಳಿಸಿಕೊಳ್ಳಬೇಕು? ಕಳೆದ 30 ದಿನದಲ್ಲಿ ಒಮ್ಮೆಯೂ ತೆರೆಯದ್ದು ಬೇಡ. ಬೇಕೆನಿಸಿದರೆ ಮತ್ತೆ ಸೇರಿಕೊಳ್ಳಲು ಎರಡು ನಿಮಿಷ ಸಾಕು, ಆ ಬಾಗಿಲನ್ನು ಯಾವ ಕಂಪನಿಯೂ ಮುಚ್ಚಲ್ಲ. ಇನ್ನು ಓದಿಗೆ, ಪರೀಕ್ಷಾ ತಯಾರಿಗೆ ಎಂದು ಕಟ್ಟುವ ಮೊದಲು ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವನ್ನು ಒಮ್ಮೆ ನೋಡಿ. 2020ರಲ್ಲಿ ಶುರುವಾದ ಅದು ಉಚಿತ. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರಿರುತ್ತದೆ. ಆ ಚಂದಾ ಆಗಲೇ ಕಟ್ಟಿಯಾಗಿದೆ, ಬಳಸುವುದಷ್ಟೇ ಬಾಕಿ.

ಹಾಗಂತ ಇದನ್ನು ನಮ್ಮ ನಮ್ಮ ಶಿಸ್ತಿನ ವಿಷಯ ಎಂದು ಬಿಟ್ಟರೆ ಕಂಪನಿಗಳಿಗೆ ಅನುಕೂಲ. ಸೇರಲು ಒಂದು ಪಿನ್ ಸಾಕಾದರೆ ಬಿಡಲೂ ಅಷ್ಟೇ ಸಾಕಾಗಬೇಕು. ಕಡಿತದ ಸೂಚನೆ ಗ್ರಾಹಕರ ಭಾಷೆಯಲ್ಲಿರಬೇಕು, ರದ್ದು ಮಾಡುವ ಕೊಂಡಿ ಅದರಲ್ಲೇ ಇರಬೇಕು. ಮೂರು ತಿಂಗಳು ತೆರೆಯದ ಆ್ಯಪ್ ನಾಲ್ಕನೇ ತಿಂಗಳು ದುಡ್ಡು ಮುಟ್ಟುವ ಮೊದಲು ಕೇಳಬೇಕು. ತೆರೆದಿಲ್ಲ ಅನ್ನುವುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಈ ಮೂರನ್ನು ನಿಯಮ ಮಾಡಲು ಹೊಸ ತಂತ್ರಜ್ಞಾನ ಬೇಕಿಲ್ಲ, ಕೇಳುವ ಜನ ಬೇಕು. ಅಲ್ಲಿಯವರೆಗೆ, ಮುಂದಿನ ಸಲ ಊರಿಗೆ ಹೋದಾಗ ಅಪ್ಪ ಅಮ್ಮನ ಫೋನಿನ ಆಟೋಪೇ ಪಟ್ಟಿಯನ್ನೂ ಒಮ್ಮೆ ತೆಗೆದು ನೋಡಿ.