ಎಳೆ ಹನಿಯಾಗುವ ಬಗೆ

ಹಿರಿಯೂರು, ಹೊಸದುರ್ಗದ ಕಡೆಯ ತೋಟಗಳಲ್ಲಿ ಹನಿ ನೀರಾವರಿಯ ಪೈಪಿಗೆ ಸೂಜಿಮೊನೆಯಷ್ಟು ತೂತು ಬಿದ್ದರೆ ನೀರು ಸಣ್ಣ ಎಳೆಯಾಗಿ ಚಿಮ್ಮುವುದನ್ನು ನೀವು ನೋಡಿರಬಹುದು. ತೂತಿನ ಬಳಿ ಅದು ಗಾಜಿನ ಕಡ್ಡಿಯಂತೆ ನುಣುಪಾಗಿರುತ್ತದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಂಟುಗಂಟಾಗಿ, ಹನಿಹನಿಯಾಗಿ ಮುರಿದು ಬೀಳುತ್ತದೆ. ರೈತನಿಗೆ ಅದು ನಷ್ಟ. ತೂತು ಮುಚ್ಚಿ ಮುಂದೆ ನಡೆಯುತ್ತಾನೆ. ಎಳೆ ಏಕೆ ಮುರಿಯಿತು ಎಂದು ಕೇಳಿದವರು ಬೇರೆಯವರು.

ಬೆಲ್ಜಿಯಮ್ಮಿನ ಪ್ಲಾಟೋ ಎಂಬ ವಿಜ್ಞಾನಿ 1873ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದ. ಆ ವೇಳೆಗೆ ಆತ ದೃಷ್ಟಿ ಕಳೆದುಕೊಂಡು ಬಹುಕಾಲವಾಗಿತ್ತು. ಹನಿಗಳನ್ನು ಅವನು ಕಂಡದ್ದು ಇತರರ ಕಣ್ಣುಗಳಿಂದ. ನೀರಿನ ಮೇಲ್ಮೈ ಬಿಗಿದ ಪೊರೆಯಂತೆ ಸದಾ ಕುಗ್ಗಲು ಹವಣಿಸುತ್ತದೆ. ಎಳೆ ಎಲ್ಲಿ ತುಸು ಸಣಕಲಾಯಿತೋ ಅಲ್ಲಿ ಒತ್ತಡ ಹೆಚ್ಚಿ ನೀರು ಅಕ್ಕಪಕ್ಕದ ಉಬ್ಬುಗಳಿಗೆ ಸರಿಯುತ್ತದೆ. ಸಣಕಲು ಮತ್ತಷ್ಟು ಸಣಕಲಾಗಿ ಕಡಿದುಹೋಗುತ್ತದೆ. ಉಬ್ಬಿನಿಂದ ಉಬ್ಬಿಗೆ ಎಳೆಯ ವ್ಯಾಸದ ಸುಮಾರು ನಾಲ್ಕೂವರೆ ಪಟ್ಟು ಅಂತರವೆಂದು ಇಂಗ್ಲೆಂಡಿನ ಲಾರ್ಡ್ ರೇಲೀ ಮುಂದೆ ಲೆಕ್ಕಹಾಕಿದ.

ಈ ಲೆಕ್ಕದಲ್ಲಿ ನೀರೆಂದರೆ ಕಣವಿಲ್ಲದ ಅಖಂಡ ದ್ರವ. ಆದರೆ ಎಳೆಯ ದಪ್ಪ ಆರು ನ್ಯಾನೊಮೀಟರ್, ಎಂದರೆ ಮಿಲಿಮೀಟರಿನ ಹತ್ತು ಲಕ್ಷ ಪಾಲುಗಳಲ್ಲಿ ಆರು ಪಾಲು ಮಾತ್ರವಾದರೆ? ಆಗ ಅದರ ಅಡ್ಡಕ್ಕೆ ಹಿಡಿಯುವುದು ಇಪ್ಪತ್ತರಷ್ಟು ಅಣುಗಳು. ಅಂಥ ಎಳೆ ಕಡಿಯುವ ಗಳಿಗೆಯನ್ನು ಕಣ್ಣಿನಿಂದ ಹಿಡಿಯುವುದು ಅಸಾಧ್ಯವೆಂದೇ ಗಣಕಯಂತ್ರದ ಮೊರೆಹೊಕ್ಕರು. ಪ್ರತಿಯೊಂದು ಅಣುವಿನ ಸ್ಥಾನವನ್ನೂ ವೇಗವನ್ನೂ ಯಂತ್ರದ ನೆನಪಿನಲ್ಲಿಟ್ಟು, ಒಂದು ಇನ್ನೊಂದನ್ನು ಎಳೆಯುವ, ತಳ್ಳುವ ಬಲವನ್ನು ಲೆಕ್ಕಹಾಕಿ, ನ್ಯೂಟನ್ನನ ನಿಯಮದಂತೆ ಎಲ್ಲವನ್ನೂ ಕೂದಲೆಳೆಯಷ್ಟು ಸರಿಸಬೇಕು. ಮತ್ತೆ ಲೆಕ್ಕ, ಮತ್ತೆ ಸರಿಸುವುದು. ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನ ಕಥೆ ಹೇಳಲು ಇಂಥ ಹತ್ತು ಲಕ್ಷ ಹೆಜ್ಜೆಗಳು ಬೇಕು. ಈ ದಾರಿಯನ್ನು ತೆರೆದವರಲ್ಲಿ ಪ್ರಮುಖರು ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರಹಮಾನ್. ಅಮೆರಿಕದಲ್ಲಿದ್ದುಕೊಂಡು ಅವರು 1964ರಲ್ಲಿ 864 ಆರ್ಗಾನ್ ಪರಮಾಣುಗಳನ್ನೂ 1971ರಲ್ಲಿ ಸ್ಟಿಲಿಂಜರ್ ಜೊತೆಗೂಡಿ 216 ನೀರಿನ ಅಣುಗಳನ್ನೂ ಹೀಗೆ ನಡೆಸಿ ನೋಡಿದರು. ನಮ್ಮ ಚಳ್ಳಕೆರೆಯ ಕುದಾಪುರದಲ್ಲೂ ನೆಲೆಯೂರಿರುವ ಭಾರತೀಯ ವಿಜ್ಞಾನ ಸಂಸ್ಥೆ 2022ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ‘ಪರಮ್ ಪ್ರವೇಗ’ದಂಥ ಯಂತ್ರಕ್ಕೆ ಆ ಸಂಖ್ಯೆಗಳು ಈಗ ಮಕ್ಕಳಾಟ.

ಮೋಸೆಲರ್ ಮತ್ತು ಲ್ಯಾಂಡ್‌ಮನ್ 2000ದಲ್ಲಿ ಚಿನ್ನದ ಸೂಕ್ಷ್ಮ ಮೂತಿಯೊಂದರಿಂದ ಆರು ನ್ಯಾನೊಮೀಟರ್ ದಪ್ಪದ ಎಳೆಯನ್ನು ಯಂತ್ರದೊಳಗೆ ಚಿಮ್ಮಿಸಿದರು. ಅವರು ಆರಿಸಿದ್ದು ನೀರನ್ನಲ್ಲ, ಪ್ರೊಪೇನನ್ನು. ದೊಡ್ಡ ಎಳೆ ಕಡಿಯುವ ಮುನ್ನ ನಡುವೆ ನೀಳವಾದ ದಾರವೊಂದು ಉಳಿಯುವುದುಂಟು. ಇಲ್ಲಿ ಅದಿಲ್ಲ, ಬುಡುಬುಡಿಕೆಯ ನಡುವಿನಂತೆ ಎರಡು ಶಂಕುಗಳು ತುದಿಗೆ ತುದಿ ತಾಗಿ ಬೇರ್ಪಟ್ಟವು. ಕಾರಣವೇನೆಂದರೆ, ಶಾಖದಿಂದ ಅಣುಗಳು ಸದಾ ತಳಮಳಿಸುತ್ತಿರುತ್ತವೆ. ಕೋಟ್ಯಂತರ ಅಣುಗಳ ನಡುವೆ ಈ ತಳಮಳ ಪರಸ್ಪರ ಅಳಿಸಿಹೋಗುತ್ತದೆ. ಕೆಲವೇ ಅಣುಗಳಿದ್ದಲ್ಲಿ ಎಳೆಯನ್ನು ಕಡಿಯುವ ಕೈ ಅದರದೇ. ಹಳೆಯ ಸಮೀಕರಣಕ್ಕೆ ಈ ತಳಮಳವನ್ನೂ ಸೇರಿಸಿದಾಗ ಅದು ಯಂತ್ರದ ಚಿತ್ರಕ್ಕೆ ಹೊಂದಿತು. ರೇಲೀ ಸುಳ್ಳಾಗಲಿಲ್ಲ, ಅವನ ಸೀಮೆ ಎಲ್ಲಿಗೆ ಮುಗಿಯುತ್ತದೆಂದು ತಿಳಿಯಿತು.

ಆದರೆ ಯಂತ್ರದೊಳಗಿನ ನೀರು ನೀರೇ ಎಂಬ ಸಂಶಯ ನನ್ನಂಥ ಹೊರಗಿನವನಿಗೆ ಬರುವುದು ಸಹಜ. ಅಲ್ಲಿರುವ ಅಣು ವಿದ್ಯುದಂಶ ಹೊತ್ತ ಮೂರೋ ನಾಲ್ಕೋ ಬಿಂದುಗಳ ಗೊಂಬೆ. ನಿಜವಾದ ನೀರಿನ ಮೇಲ್ಮೈ ಎಳೆತ ಕೋಣೆಯ ಉಷ್ಣತೆಯಲ್ಲಿ ಮೀಟರಿಗೆ ಸುಮಾರು 72 ಮಿಲಿನ್ಯೂಟನ್; ಬಹಳ ಬಳಕೆಯಲ್ಲಿರುವ ಒಂದು ಗೊಂಬೆಯಲ್ಲಿ ಅದು ಅರವತ್ತರ ಆಸುಪಾಸು, 2005ರ ಇನ್ನೊಂದರಲ್ಲಿ ಎಪ್ಪತ್ತರ ಸಮೀಪ. ಎಳೆತ ಕಡಿಮೆಯಾದಲ್ಲಿ ಎಳೆ ತಡವಾಗಿ ಕಡಿಯುತ್ತದೆ. ಗ್ರಂಥಸಂಪಾದಕನು ಯಾವ ಓಲೆಪ್ರತಿಯನ್ನು ನೆಚ್ಚಿದೆನೆಂದು ಮೊದಲೇ ಹೇಳುವಂತೆ, ಇವರೂ ಯಾವ ಗೊಂಬೆಯೆಂದು ಹೇಳಲೇಬೇಕು. ಸಂಶಯಕ್ಕೆ ಉತ್ತರದ ಒಂದು ಭಾಗ 2006ರಲ್ಲಿ ಬಂದಿತು. ಮೇಲ್ಮೈ ಎಳೆತ ಅತ್ಯಲ್ಪವಾದ ದ್ರವವೊಂದನ್ನು ಯೂರೋಪಿನ ಸಂಶೋಧಕರು ಆರಿಸಿಕೊಂಡರು. ಅದರಲ್ಲಿ ತಳಮಳದ ಪ್ರಭಾವ ಸೂಕ್ಷ್ಮದರ್ಶಕಕ್ಕೆ ನಿಲುಕುವಷ್ಟು ದೊಡ್ಡದು. ಹನಿ ಕಳಚುವಾಗ ಕಂಡದ್ದು ಅದೇ ತಳಮಳದ ಕೈವಾಡ.

ಇನ್ನು ಹನಿಯ ಮಾತು. ಒಂದು ನ್ಯಾನೊಮೀಟರ್ ತ್ರಿಜ್ಯದ ಹನಿಯಲ್ಲಿರುವುದು ಸುಮಾರು 140 ಅಣುಗಳು. ಹಳೆಯ ಸೂತ್ರದಂತೆ ಅದರ ಒಳಗಿನ ಒತ್ತಡ ವಾಯುಮಂಡಲದ 1400 ಪಟ್ಟು. ಸಮತಟ್ಟಾದ ನೀರಿಗೆ ಹೋಲಿಸಿದರೆ ಅದು ಹೆಚ್ಚುಕಡಿಮೆ ಮೂರು ಪಟ್ಟು ಸುಲಭವಾಗಿ ಆವಿಯಾಗುತ್ತದೆ. ಆದ್ದರಿಂದ ಬರಿಯ ಗಾಳಿಯಲ್ಲಿ ಹನಿ ತಾನಾಗಿ ಹುಟ್ಟಿ ಬದುಕಲಾರದು. ಜೋಗಿಮಟ್ಟಿಯ ನೆತ್ತಿಗೆ ಕವಿಯುವ ಮೋಡದ ಹನಿಗಳೂ ಧೂಳಿನದೋ ಉಪ್ಪಿನದೋ ಒಂದೊಂದು ಕಣವನ್ನು ಆಶ್ರಯಿಸಿ ಹುಟ್ಟಿದಂಥವು.