ಗಾಳಿಯೇ ಕೀಲೆಣ್ಣೆಯಾದ ಬೇರಿಂಗುಗಳು: ಅಂದಾಜು ವಿಧಾನಗಳ ಎಲ್ಲೆಗಳು

ತಿರುಗುವ ದಂಡಕ್ಕೂ ಅದನ್ನು ಹೊತ್ತ ಬೇರಿಂಗಿಗೂ ನಡುವೆ ಎಣ್ಣೆಯ ತೆಳುಪದರವೊಂದಿರುವುದು ಎಲ್ಲರಿಗೂ ತಿಳಿದ ವಿಷಯ. ಎಣ್ಣೆಯ ಸ್ಥಾನದಲ್ಲಿ ಗಾಳಿಯೇ ಈ ಕಾರ್ಯವನ್ನು ನಿರ್ವಹಿಸಬಲ್ಲುದೆಂದು ಅಮೆರಿಕದ ಆಲ್ಬರ್ಟ್ ಕಿಂಗ್ಸ್‌ಬರಿ 1897ರಲ್ಲಿ ಪ್ರಯೋಗದಿಂದ ತೋರಿಸಿದನು. ಗಾಳಿಯ ಸ್ನಿಗ್ಧತೆ ಅತ್ಯಲ್ಪವಾದುದರಿಂದ ಘರ್ಷಣೆಯೂ ಅತ್ಯಲ್ಪ. ಆದರೆ ಅದೇ ಕಾರಣದಿಂದ ಭಾರ ಹೊರುವ ಶಕ್ತಿಯೂ ಕಡಿಮೆ. ಪದರದ ದಪ್ಪವು ಕೆಲವೇ ಮೈಕ್ರಾನುಗಳು. ಲೆಕ್ಕ ತಪ್ಪಿದರೆ ಲೋಹವು ಲೋಹಕ್ಕೆ ತಗುಲಿ ಬೇರಿಂಗು ಕೆಡುತ್ತದೆ. ಆದಕಾರಣ ಇಲ್ಲಿ ಯಾವ ಅಂದಾಜನ್ನು ಎಲ್ಲಿಯವರೆಗೆ ನಂಬಬಹುದೆಂಬುದನ್ನು ವಿಚಾರಿಸುವುದು ಅವಶ್ಯಕ.

ತೆಳುಪದರದೊಳಗಿನ ಒತ್ತಡದ ಸಮೀಕರಣವನ್ನು ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ನಿರೂಪಿಸಿದನು; ಹ್ಯಾರಿಸನ್ 1913ರಲ್ಲಿ ಅದನ್ನು ಗಾಳಿಗೆ ಅನ್ವಯಿಸಿದನು. ಎಣ್ಣೆಯ ಸಾಂದ್ರತೆ ಬಹುಮಟ್ಟಿಗೆ ಸ್ಥಿರ. ಗಾಳಿಯದಾದರೋ, ಉಷ್ಣತೆ ಸ್ಥಿರವಾಗಿದ್ದರೆ, ಒತ್ತಡದೊಡನೆ ಏರುತ್ತದೆ. ಹೀಗಾಗಿ ಸಮೀಕರಣದಲ್ಲಿ ಅಜ್ಞಾತವಾದ ಒತ್ತಡವು ತನ್ನ ಅವಕಲದಿಂದಲೇ ಗುಣಿತವಾಗಿ ಬಂದು, ಸಮೀಕರಣವು ರೇಖೀಯವಾಗಿ ಉಳಿಯುವುದಿಲ್ಲ. ನೇರವಾದ ಪರಿಹಾರವು ದುಸ್ಸಾಧ್ಯವಾಗುವುದು ಇಲ್ಲಿಯೇ.

ಈಗ ಬೇರಿಂಗ್ ಸಂಖ್ಯೆಯೆಂಬುದನ್ನು ಗಮನಿಸೋಣ. ಸ್ನಿಗ್ಧತೆ, ವೇಗ, ಉದ್ದ ಇವುಗಳ ಗುಣಲಬ್ಧದ ಆರರಷ್ಟನ್ನು, ಹೊರಗಿನ ಒತ್ತಡ ಮತ್ತು ಪದರದ ಕನಿಷ್ಠ ದಪ್ಪದ ವರ್ಗ ಇವುಗಳ ಗುಣಲಬ್ಧದಿಂದ ಭಾಗಿಸಿದರೆ ಈ ಸಂಖ್ಯೆ ದೊರೆಯುತ್ತದೆ. ಇದು ಬಹಳ ಚಿಕ್ಕದಾದಾಗ ಗಾಳಿಯನ್ನು ಎಣ್ಣೆಯಂತೆಯೇ, ಕುಗ್ಗದ ದ್ರವವೆಂದು ಭಾವಿಸಬಹುದು. ಬಹಳ ದೊಡ್ಡದಾದಾಗ ಗಾಳಿಗೆ ಹಿಂದಕ್ಕೆ ಸೋರಲು ಅವಕಾಶವಿಲ್ಲ. ಒತ್ತಡ ಮತ್ತು ದಪ್ಪಗಳ ಗುಣಲಬ್ಧವು, ಹೊರದ್ವಾರದ ಸಮೀಪವನ್ನುಳಿದು, ಸ್ಥಿರವಾಗಿರುತ್ತದೆ.

ಉದಾಹರಣೆಗೆ, ಪಕ್ಕಗಳಿಂದ ಗಾಳಿ ಸೋರದಷ್ಟು ಅಗಲವಾದ, ಬೆಣೆಯಾಕಾರದ ಪದರವೊಂದನ್ನು ತೆಗೆದುಕೊಳ್ಳೋಣ. ಪ್ರವೇಶದಲ್ಲಿ ದಪ್ಪ 10 ಮೈಕ್ರಾನ್, ನಿರ್ಗಮದಲ್ಲಿ 5; ಉದ್ದ 2 ಸೆಂಟಿಮೀಟರ್; ವೇಗ ಸೆಕೆಂಡಿಗೆ 60 ಮೀಟರ್. ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ ವಾಯುವಿನ ಒತ್ತಡ ಸುಮಾರು 92,500 ಪಾಸ್ಕಲ್. ಬೇರಿಂಗ್ ಸಂಖ್ಯೆ ಸುಮಾರು 56 ಆಗುತ್ತದೆ. ಕುಗ್ಗದ ದ್ರವದ ಸೂತ್ರವು, ಹೊರಗಿನ ಒತ್ತಡವನ್ನು ಮೀರಿದ ಸರಾಸರಿ ಒತ್ತಡವನ್ನು ಹೊರಗಿನದರ 1.48ರಷ್ಟು ಎಂದು ಹೇಳುತ್ತದೆ. ಗುಣಲಬ್ಧ ಸ್ಥಿರವೆಂಬ ಸೂತ್ರವು 0.386ರಷ್ಟು ಮಾತ್ರ ಎನ್ನುತ್ತದೆ. ಎರಡನೆಯದು ಈ ಬೆಣೆಗೆ ಯಾವ ವೇಗದಲ್ಲಿಯೂ ಮೀರಲಾಗದ ಮೇಲೆಲ್ಲೆಯೆಂದು ಸಾಧಿಸಬಹುದು. ಮೊದಲನೆಯದನ್ನು ನಂಬಿದವನು ಬೇರಿಂಗಿಗೆ ಅದರ ಶಕ್ತಿಯ ನಾಲ್ಕು ಪಟ್ಟಿನಷ್ಟು ಭಾರವನ್ನು ಹೊರಿಸಿದಂತಾಯಿತು.

ಇನ್ನೊಂದು ಸ್ವಾರಸ್ಯವುಂಟು. ಕುಗ್ಗದ ದ್ರವದ ಸೂತ್ರವನ್ನು ಬಿಡಿಸಿ ಬರೆದರೆ ಹೊರಗಿನ ಒತ್ತಡವು ಅದರಿಂದ ಮಾಯವಾಗುತ್ತದೆ. ಮಂಗಳೂರಾಗಲಿ ಮೈಸೂರಾಗಲಿ, ಫಲ ಒಂದೇ. ಆದರೆ ಎರಡನೆಯ ಸೂತ್ರದಲ್ಲಿ ಹೊರುವ ಭಾರವು ಹೊರಗಿನ ಒತ್ತಡಕ್ಕೆ ಅನುಪಾತದಲ್ಲಿದೆ. ಸಮುದ್ರತೀರದಲ್ಲಿ ಚದರ ಮೀಟರಿಗೆ ಸುಮಾರು 39,100 ನ್ಯೂಟನ್ ಇದ್ದ ಎಲ್ಲೆಯು ನಮ್ಮಲ್ಲಿ ಸುಮಾರು 35,700ಕ್ಕೆ ಇಳಿಯುತ್ತದೆ. ತೀರದ ಊರಿನಲ್ಲಿ ಎಲ್ಲೆಯ ಸಮೀಪಕ್ಕೆ ಪರೀಕ್ಷಿಸಿ ಒಪ್ಪಿದ ವೇಗದ ಯಂತ್ರವು ಇಲ್ಲಿ ನೂರಕ್ಕೆ ಸುಮಾರು 9ರಷ್ಟು ಕಡಿಮೆ ಭಾರವನ್ನು ಹೊರುತ್ತದೆ. ಊರಿನ ಎತ್ತರವನ್ನು ಲೆಕ್ಕಕ್ಕೆ ತರಬೇಕೆ ಬೇಡವೆ ಎಂಬುದನ್ನೂ ನಾವು ಆರಿಸಿಕೊಂಡ ಅಂದಾಜೇ ನಿರ್ಧರಿಸುತ್ತದೆಂಬುದು ಇದರಿಂದ ಸ್ಪಷ್ಟ.

ಈ ಎರಡು ತುದಿಗಳ ನಡುವಣ ಪ್ರದೇಶಕ್ಕಾಗಿ ಆಸ್‌ಮನ್ 1961ರಲ್ಲಿ ದಂಡದ ಬೇರಿಂಗಿಗೆ ಸುಧಾರಿತ ವಿಧಾನವೊಂದನ್ನು ಪ್ರಕಟಿಸಿದನು. ಅದರಲ್ಲಿ ಒತ್ತಡದ ಬದಲು ಒತ್ತಡ-ದಪ್ಪಗಳ ಗುಣಲಬ್ಧವನ್ನೇ ಅಜ್ಞಾತವೆಂದು ಗ್ರಹಿಸಿ, ಗುಣಕಗಳಲ್ಲಿ ಅದರ ಸರಾಸರಿ ಬೆಲೆಯನ್ನು ಇರಿಸಲಾಗುತ್ತದೆ. ಸಮೀಕರಣವು ರೇಖೀಯವಾಗುತ್ತದೆ. ದಂಡದ ಕೇಂದ್ರವು ಬೇರಿಂಗಿನ ಕೇಂದ್ರದಿಂದ ಹೆಚ್ಚು ಸರಿಯದಿರುವಾಗ ಇದು ನಿಧಾನವೇಗ ಅತಿವೇಗಗಳೆರಡಕ್ಕೂ ಒಪ್ಪುತ್ತದೆ. ಕೇಂದ್ರವು ಬಹಳ ಸರಿದಾಗ ಇದರ ಫಲವನ್ನು ಎಚ್ಚರದಿಂದ ಬಳಸಬೇಕು.

ಇಂದು ಗಣಕಯಂತ್ರವು ಪೂರ್ಣ ಸಮೀಕರಣವನ್ನೇ ಬಿಡಿಸಿಕೊಡುತ್ತದೆ. ಆದರೂ ಅದರ ಉತ್ತರವನ್ನು ಉಜ್ಜಿ ನೋಡಲು ಒರೆಗಲ್ಲೊಂದು ಬೇಕು. ವಿದ್ಯಾರ್ಥಿಗಳು ಮೊದಲು ಬೇರಿಂಗ್ ಸಂಖ್ಯೆಯನ್ನು ಗಣಿಸಿ, ತಾವು ಯಾವ ತುದಿಗೆ ಸಮೀಪವಿರುವರೆಂಬುದನ್ನು ತಿಳಿದು, ಅನಂತರ ಸೂತ್ರವನ್ನು ಆರಿಸಿಕೊಳ್ಳುವುದು ಲೇಸೆಂದು ನಮ್ಮ ಅಭಿಪ್ರಾಯ.